ಫಿಲ್ಮಿನಲ್ಲಿ ಕಾಣದ ಶೇಂಗಾಬೀಜ

ಶೇಂಗಾ ಕಿತ್ತು ಅಂಗಳದಲ್ಲಿ ಹರವುವ ದಿನಗಳಲ್ಲಿ ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಸಣ್ಣ ಮಕ್ಕಳ ಕೆಮ್ಮೆಂದರೆ ನನಗೆ ದಿಗಿಲು. ಕೆಲವು ವರ್ಷಗಳ ಹಿಂದೆ, ಇನ್ನೂ ಎರಡು ತುಂಬದ ಗಂಡುಮಗುವೊಂದನ್ನು ಕರೆತಂದಿದ್ದರು. ನಾಲ್ಕು ದಿನದಿಂದ ಕೆಮ್ಮು, ಉಸಿರು ಬಿಡುವಾಗ ಸಣ್ಣ ಸಿಳ್ಳಿನ ಸದ್ದು. ಸಿರಪ್ ಆಗಿತ್ತು, ನೆಬುಲೈಜರ್ ಆಗಿತ್ತು, ಎದೆಯ ಎಕ್ಸ್‌ರೇ ಕೂಡ ಆಗಿತ್ತು. ತಾಯಿ ದೊಡ್ಡ ಕವರಿನಿಂದ ಫಿಲಂ ತೆಗೆದು, 'ಏನೂ ಇಲ್ಲ, ನಾರ್ಮಲ್ ಐತೆ ಅಂದ್ರು ಸಾರ್' ಎಂದಳು. ಫಿಲಂ ಹಿಡಿದು ನೋಡಿದೆ. ನಿಜ, ಏನೂ ಕಾಣಲಿಲ್ಲ.

ಹಿಂದೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದೆ: 'ಕೆಮ್ಮು ಶುರುವಾದಾಗ ಮಗು ಎಲ್ಲಿತ್ತಮ್ಮಾ?'

'ನನ್ ಹತ್ರನೇ ಇತ್ತು ಸ್ವಾಮಿ. ಶೇಂಗಾ ಸುಲೀತಿದ್ವಿ. ಇದೂ ಒಂದು ಬಾಯಿಗೆ ಹಾಕ್ಕಂತು. ಕೆಮ್ಮಿ ಕೆಮ್ಮಿ ಮುಖ ಕೆಂಪಾತು, ಆಮೇಲೆ ತಾನೇ ಸುಮ್ಕಾತು.'

ಈ ಮಾತನ್ನು ಆ ನಾಲ್ಕು ದಿನದಲ್ಲಿ ಯಾರೂ ಅಜ್ಜಿಯ ಬಾಯಿಂದ ಕೇಳಿರಲಿಲ್ಲ. ಅವತ್ತೇ ಮಗುವಿಗೆ ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪ್ ಇಳಿಸಿದಾಗ ಬಲಗಡೆಯ ಶ್ವಾಸನಾಳದಲ್ಲಿ ಊದಿಕೊಂಡ ಅರ್ಧ ಬೀಜ ಸಿಕ್ಕಿತು.

ಎಕ್ಸ್‌ರೇ ತೆಗೆದವರದ್ದು ತಪ್ಪಲ್ಲ, ಯಂತ್ರದ್ದೂ ತಪ್ಪಲ್ಲ. ಎಕ್ಸ್‌ರೇಗೆ ಕಾಣುವುದು ಒಂದು ವಸ್ತು ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದೊಂದೇ. ಗಾಳಿ ತಡೆಯುವುದೇ ಇಲ್ಲ ಎನ್ನಬಹುದು, ಅದು ಕಪ್ಪು. ಮೂಳೆ ಬಹಳ ತಡೆಯುತ್ತದೆ, ಅದು ಬಿಳಿ. ಲೋಹ ಇನ್ನೂ ಬಿಳಿ. ಮಾಂಸ, ರಕ್ತ, ಕೀವು, ನೀರು ಎಲ್ಲವೂ ಹೆಚ್ಚುಕಡಿಮೆ ಒಂದೇ ಬೂದು. ಶೇಂಗಾಬೀಜವೂ ಹುಣಸೆಬೀಜವೂ ಆ ಬೂದುಬಣ್ಣದ ಗುಂಪಿಗೇ ಸೇರಿದವು. ನೂರು ಸಲ ತೆಗೆದರೂ ಬೀಜದ ಆಕಾರ ಅಲ್ಲಿ ಮೂಡುವುದು ಅಪರೂಪ.

ಆದರೆ ಬೀಜ ಮಾಡುವ ಕೆಲಸ ಕಾಣಬಹುದು. ಉಸಿರು ಎಳೆದಾಗ ಶ್ವಾಸನಾಳ ತುಸು ಹಿಗ್ಗಿ ಬೀಜದ ಪಕ್ಕದಿಂದ ಗಾಳಿ ಒಳಗೆ ನುಸುಳುತ್ತದೆ. ಬಿಡುವಾಗ ನಾಳ ಕುಗ್ಗಿ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಬಾವಿಯ ಪಂಪಿನ ಫುಟ್‌ವಾಲ್ವ್ ಹೇಗೋ ಹಾಗೆ. ಹೀಗಾಗಿ ಉಸಿರು ಬಿಟ್ಟ ಗಳಿಗೆಯಲ್ಲಿ ಎಕ್ಸ್‌ರೇ ತೆಗೆದರೆ ಆ ಕಡೆಯ ಶ್ವಾಸಕೋಶ ಮಾತ್ರ ಊದಿಕೊಂಡು ಹೆಚ್ಚು ಕಪ್ಪಾಗಿರುತ್ತದೆ, ಹೃದಯದ ನೆರಳು ಇನ್ನೊಂದು ಪಕ್ಕಕ್ಕೆ ಸರಿದಿರುತ್ತದೆ. ಉಸಿರು ಬಿಟ್ಟು ಹಿಡಿ ಎಂದರೆ ಎರಡು ವರ್ಷದ ಕೂಸು ಕೇಳುತ್ತದೆಯೇ? ಅದಕ್ಕೆ ಮಗುವನ್ನು ಒಂದೊಂದೇ ಮಗ್ಗುಲಿಗೆ ಮಲಗಿಸಿ ತೆಗೆಯುವ ರೂಢಿಯೂ ಇದೆ. ಇದಾವುದೂ ಚೀಟಿಯ ಮೇಲೆ 'ಕೆಮ್ಮು' ಎಂದಷ್ಟೇ ಬರೆದರೆ ಆಗುವುದಿಲ್ಲ. 'ಶೇಂಗಾ ತಿನ್ನುವಾಗ ಹಠಾತ್ತನೆ ಕೆಮ್ಮು' ಎಂದು ಬರೆದರೆ ಮಾತ್ರ ಎಕ್ಸ್‌ರೇ ಕೋಣೆಯವರು ಬೇರೆ ಥರ ಯೋಚಿಸುತ್ತಾರೆ. ಅಷ್ಟಾದ ಮೇಲೂ ಫಿಲಂ ಸರಿಯಾಗಿಯೇ ಕಾಣಬಹುದು. ಆಗ ಅಜ್ಜಿಯ ಮಾತೇ ಗಟ್ಟಿ. ಒಳಗೆ ಇಳಿಸಿ ನೋಡಬೇಕು.

ಕರಾವಳಿಯಲ್ಲಿ ಇದೇ ಕತೆ ಮೀನಿನ ಮುಳ್ಳಿನದು. ಕೆಲವು ಮೀನುಗಳ ಮುಳ್ಳು ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ, ಬಂಗುಡೆಯ ಜಾತಿಯ ಮುಳ್ಳು ಬಹಳ ಸಲ ಕಾಣುವುದಿಲ್ಲ. ಊಟ ಮಾಡುವಾಗ ಚುಚ್ಚಿದ್ದು ಉಗುಳು ನುಂಗಿದರೂ ಅದೇ ಜಾಗದಲ್ಲಿ ಚುಚ್ಚುತ್ತಿದ್ದರೆ, ಫಿಲಂ ಏನೇ ಹೇಳಲಿ, ಎಂಡೋಸ್ಕೋಪಿನಲ್ಲಿ ನೋಡಬೇಕು. ಬೇಕಾದರೆ ಸಿಟಿ ಸ್ಕ್ಯಾನ್ ಮಾಡಿಸಬೇಕು.

ಎಕ್ಸ್‌ರೇ ಒಂದು ಜಾಗದಲ್ಲಿ ಮಾತ್ರ ಯಾವ ದೊಡ್ಡ ಯಂತ್ರಕ್ಕೂ ಕಡಿಮೆಯಿಲ್ಲ. ಮಗು ನಾಣ್ಯ ನುಂಗಿದೆ ಎಂದು ತಂದೆತಾಯಿ ಓಡಿ ಬರುತ್ತಾರೆ. ಫಿಲ್ಮಿನಲ್ಲಿ ದುಂಡಗಿನ ಬಿಳಿ ಬಿಲ್ಲೆ. ಅದರ ಅಂಚನ್ನು ಹಿಗ್ಗಿಸಿ ನೋಡಬೇಕು. ಅಂಚಿನೊಳಗೆ ಇನ್ನೊಂದು ತೆಳು ಬಳೆ ಕಂಡರೆ ಅದು ನಾಣ್ಯವಲ್ಲ, ರಿಮೋಟಿನಿಂದಲೋ ಆಟಿಕೆಯಿಂದಲೋ ಬಿದ್ದ ಬಟನ್ ಸೆಲ್. ಹೊಟ್ಟೆ ತಲುಪಿದ ನಾಣ್ಯ ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ, ಕಾಯಬಹುದು. ಅನ್ನನಾಳದಲ್ಲಿ ಸಿಕ್ಕಿಕೊಂಡ ಸೆಲ್ ಒದ್ದೆಯಾದ ಗೋಡೆಗೆ ತಾಗಿ ವಿದ್ಯುತ್ ಹರಿಸುತ್ತದೆ. ಅಲ್ಲೇ ಕ್ಷಾರ ಹುಟ್ಟಿ ಎರಡು ಗಂಟೆಯೊಳಗೆ ಗೋಡೆ ಸುಡತೊಡಗುತ್ತದೆ. ಮಗು ನಗುತ್ತಾ ಆಡುತ್ತಿದ್ದರೂ ಕಾಯುವಂತಿಲ್ಲ. ಆ ಒಂದು ಬಳೆಯನ್ನು ಗುರುತಿಸಲು ತಾಲ್ಲೂಕು ಆಸ್ಪತ್ರೆಯ ಹಳೆಯ ಯಂತ್ರ ಸಾಕು.

ವಿಲ್ಹೆಲ್ಮ್ ರಾಂಟ್‌ಜನ್ 1895ರ ಡಿಸೆಂಬರಿನಲ್ಲಿ ತನ್ನ ಹೆಂಡತಿ ಆನ್ನಾ ಬರ್ತಾಳ ಕೈಯ ನೆರಳು ತೆಗೆದಾಗ ಬೆರಳಿನ ಮೂಳೆಗಳೂ ಉಂಗುರವೂ ಬೇರೆಬೇರೆಯಾಗಿ ಮೂಡಿದವು. ಕೈಯಲ್ಲಿ ಮೂಳೆಗಳು ಸಾಲಾಗಿ ಬಿಡಿಬಿಡಿಯಾಗಿವೆ. ಮುಖದಲ್ಲಿ ಹಾಗಲ್ಲ. ಕೆನ್ನೆಯ ಹಿಂದೆ ಗಾಳಿಯ ಗೂಡು, ಅದರ ಮೇಲೆ ಕಣ್ಣಿನ ಗೂಡು, ನಡುವೆ ಜೇನುಹುಟ್ಟಿನಂತೆ ಸಣ್ಣ ಕೋಣೆಗಳು, ಅದರಾಚೆ ಮೆದುಳು. ಎಲ್ಲವೂ ಒಂದೇ ಹಾಳೆಯ ಮೇಲೆ ಬಿದ್ದರೆ ಯಾವ ನೆರಳು ಯಾರದು? ಮೂಗು-ಗದ್ದವನ್ನು ಪ್ಲೇಟಿಗೆ ತಾಗಿಸಿ ತೆಗೆಯುವ 'ಪಿಎನ್‌ಎಸ್ ಎಕ್ಸ್‌ರೇ' ಹುಟ್ಟಿದ್ದು ಈ ಗೋಜಲಿನಿಂದ ಕೆನ್ನೆಯ ಸೈನಸ್ಸನ್ನಾದರೂ ಬಿಡಿಸಿ ನೋಡೋಣವೆಂದು. ಇವತ್ತಿಗೂ ಬಹಳ ಊರುಗಳಲ್ಲಿ ಬರೆದುಕೊಡುತ್ತಾರೆ. ಆದರೆ ಕಾಯಿಲೆ ನಿಜವಾಗಿ ಶುರುವಾಗುವ ಮೂಗಿನ ಪಕ್ಕದ ಸಣ್ಣ ಕಿಂಡಿಗಳು ಅದರಲ್ಲಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಅದಕ್ಕೆ ಖರ್ಚು ಮಾಡುವ ಹಣ ಹೆಚ್ಚಿನ ಸಲ ವ್ಯರ್ಥ.

ನೆರಳುಗಳ ಗೋಜಲನ್ನು ಬಿಡಿಸಿದ್ದು ಹಾಡಿನ ತಟ್ಟೆ ಮಾಡುತ್ತಿದ್ದ ಕಂಪನಿ. ಗ್ರಾಮಾಫೋನಿನ ಮುಂದೆ ನಾಯಿ ಕೂತ ಎಚ್‌ಎಂವಿ ತಟ್ಟೆಗಳನ್ನು ನಮ್ಮ ಹಿರಿಯರು ಮರೆತಿರಲಾರರು. ಅದೇ ಬಳಗದ ಇಎಂಐ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್, ಸುತ್ತಲಿನ ನೂರಾರು ಕೋನಗಳಿಂದ ಕಿರಣ ಹಾಯಿಸಿ ಲೆಕ್ಕ ಹಾಕಿದರೆ ದೇಹದ ಒಂದೊಂದು ಹೋಳನ್ನೂ ಬೇರೆಯಾಗಿ ನೋಡಬಹುದೆಂದು ತೋರಿಸಿದ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸಿಟಿ ಸ್ಕ್ಯಾನ್ ಆಯಿತು. ಗಣಿತವನ್ನು ಮೊದಲೇ ಬಿಡಿಸಿಟ್ಟಿದ್ದ ಆಲನ್ ಕಾರ್ಮ್ಯಾಕ್ ಜೊತೆಗೆ ಅವನಿಗೆ 1979ರಲ್ಲಿ ನೊಬೆಲ್ ಬಂತು. ಇಂದಿಗೂ ಸಿಟಿಯಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ ಎಂದು ಎಣಿಸುವ ಅಳತೆ ಅವನ ಹೆಸರಿನಲ್ಲೇ ಇದೆ.

ಸೈನಸ್ಸಿನ ಆಪರೇಷನ್ನಿಗೆ ಸಿಟಿ ಇಲ್ಲದೆ ಕೈ ಹಾಕುವವರು ಈಗ ಯಾರೂ ಇಲ್ಲ, ಹಾಕಲೂ ಕೂಡದು. ಮೂಗಿನ ಮೇಲ್ಭಾಗದ ಪಕ್ಕದ ಗೋಡೆ ಕಾಗದದಷ್ಟು ತೆಳು, ಅದರಾಚೆ ಕಣ್ಣು. ಮೇಲ್ಛಾವಣಿಯಲ್ಲಿ ವಾಸನೆಯ ನರಗಳು ಇಳಿಯುವ ಒಂದು ಗುಂಡಿಯಿದೆ. ಕೆಲವರಲ್ಲಿ ಅದು 3 ಮಿಲಿಮೀಟರ್ ಆಳವೂ ಇರುವುದಿಲ್ಲ, ಕೆಲವರಲ್ಲಿ 8 ಮಿಲಿಮೀಟರ್ ದಾಟುತ್ತದೆ. ಆಳವಿದ್ದಷ್ಟೂ ತೆಳುಗೋಡೆಯ ಹರವು ಹೆಚ್ಚು, ಉಪಕರಣ ಜಾರಿ ಮೆದುಳಿನ ನೀರು ಸೋರುವ ಅಪಾಯವೂ ಹೆಚ್ಚು. ಒಂದೇ ಮನುಷ್ಯನಲ್ಲಿ ಎಡಬಲಕ್ಕೆ ಬೇರೆ ಬೇರೆ ಎತ್ತರ ಇರುವುದೂ ಉಂಟು. ನಾನು ಆಪರೇಷನ್ನಿನ ಹಿಂದಿನ ರಾತ್ರಿ ಸಿಟಿಯನ್ನು ಮತ್ತೊಮ್ಮೆ ಹಾಕಿಕೊಂಡು ಈ ಜಾಗಗಳನ್ನು ಬೆರಳಿಟ್ಟು ಎಣಿಸಿಯೇ ಮಲಗುವುದು.

ಆದರೆ ಬರೀ ನೆಗಡಿಗೆ ಸಿಟಿ ಮಾಡಿಸಿಕೊಂಡು ಬರುವವರ ಸಂಕಟವೇ ಬೇರೆ. ರಿಪೋರ್ಟಿನಲ್ಲಿ 'ಮ್ಯೂಕೋಸಲ್ ಥಿಕನಿಂಗ್', ಅಂದರೆ ಒಳಪೊರೆ ದಪ್ಪವಾಗಿದೆ ಎಂದಿರುತ್ತದೆ, 'ಡಿಎನ್‌ಎಸ್', ಅಂದರೆ ಮೂಗಿನ ನಡುಗೋಡೆ ಸೊಟ್ಟಗಿದೆ ಎಂದಿರುತ್ತದೆ. ಮನೆಯವರೆಲ್ಲ ಅದನ್ನು ಓದಿ, ಗೂಗಲ್ ಮಾಡಿ, ಆಪರೇಷನ್ ಯಾವಾಗ ಎಂದು ಕೇಳುತ್ತಾರೆ. 1994ರಲ್ಲಿ ಅಮೆರಿಕದಲ್ಲಿ ಒಂದು ಸರಳ ಪರೀಕ್ಷೆ ಮಾಡಿದ್ದರು: ಹೊಸದಾಗಿ ನೆಗಡಿ ಹತ್ತಿದ 31 ಜನರಿಗೆ ಸೈನಸ್ ಸಿಟಿ. ನೂರಕ್ಕೆ 87ರಷ್ಟು ಮಂದಿಯ ಕೆನ್ನೆಯ ಸೈನಸ್ಸಿನಲ್ಲಿ ಏನೋ ಒಂದು ಕಂಡಿತು. ಎರಡು ವಾರದ ಮೇಲೆ ಅವರಲ್ಲಿ ಕೆಲವರಿಗೆ ಮತ್ತೆ ಸ್ಕ್ಯಾನ್ ಮಾಡಿದಾಗ ಹೆಚ್ಚಿನವರಲ್ಲಿ ಅದು ತಾನಾಗಿ ಕರಗಿತ್ತು ಇಲ್ಲವೇ ಬಹಳ ಕಡಿಮೆಯಾಗಿತ್ತು, ಆಂಟಿಬಯಾಟಿಕ್ ಇಲ್ಲದೆ. ನೆಗಡಿಯಾದಾಗ ಒಳಪೊರೆ ಊದಿಕೊಳ್ಳುವುದು ಅದರ ಸಹಜ ನಡೆ, ಅಷ್ಟೇ. ಮೂಗಿನ ನಡುಗೋಡೆ ಕಡ್ಡಿ ಇಟ್ಟಂತೆ ನೆಟ್ಟಗಿರುವವರೂ ಲೋಕದಲ್ಲಿ ಕಡಿಮೆ. ಸೊಟ್ಟಗಿದೆ ಎಂದ ಮಾತ್ರಕ್ಕೆ ಅದೇ ತಲೆನೋವಿಗೆ ಕಾರಣವೆಂದು ಹೇಳಲಾಗದು. ಮೂಗು ಕಟ್ಟುವುದು, ಕೀವಿನಂಥ ಸಿಂಬಳ, ವಾಸನೆ ಹೋಗುವುದು ಮೂರು ತಿಂಗಳು ದಾಟಿದರೆ, ಔಷಧಿ ಸರಿಯಾಗಿ ತೆಗೆದುಕೊಂಡ ಮೇಲೂ ಉಳಿದರೆ, ಆಗ ತೆಗೆದ ಸಿಟಿಗೆ ಅರ್ಥವಿದೆ.

ಇನ್ನು ಕಿವಿ. ನನ್ನ ಜೀವಮಾನದ ಬೆರಗು ಈ ಜಾಗ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಶಾಲೆಯಲ್ಲಿ ಓದಿದ ಮೂರು ಮೂಳೆಗಳಲ್ಲಿ ಕೊನೆಯದು ಸುಮಾರು 3 ಮಿಲಿಮೀಟರ್, ಒಂದು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಅದರಾಚೆ ಬಸವನಹುಳದ ಚಿಪ್ಪಿನಂತೆ ಎರಡೂವರೆ ಸುತ್ತಿನ ಕಾಕ್ಲಿಯಾ. ಇದೆಲ್ಲ ಅಡಗಿರುವುದು ದೇಹದ ಅತಿ ಗಟ್ಟಿ ಮೂಳೆಯೊಂದರ ಗವಿಯಲ್ಲಿ. ಹಾಳೆಹಾಳೆಯಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ಕತ್ತರಿಸಿ ತೋರಿಸುವ ಸಿಟಿ ಬಂದ ಮೇಲೆಯೇ ಬದುಕಿರುವ ಮನುಷ್ಯನಲ್ಲಿ ಇದನ್ನು ಇಷ್ಟು ಚೆನ್ನಾಗಿ ನೋಡಲು ಸಾಧ್ಯವಾದದ್ದು.

ವರ್ಷಗಟ್ಟಲೆ ಕಿವಿ ಸೋರುವ ಜನ ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಹೆಚ್ಚಿನವರದ್ದು ತಮಟೆಯ ತೂತು. ಸ್ಕೋಪಿನಲ್ಲಿ ನೋಡಿದರೆ ತಿಳಿಯುತ್ತದೆ, ಸ್ಕ್ಯಾನೇ ಬೇಡ. ಕೆಲವರಲ್ಲಿ ಮಾತ್ರ ಹೊರಚರ್ಮ ಇರಬಾರದ ಜಾಗಕ್ಕೆ ಹೋಗಿ, ಒಳಗೇ ಸಿಪ್ಪೆ ಉದುರಿಸುತ್ತ ಉಂಡೆಯಾಗಿ ಬೆಳೆಯುತ್ತದೆ. ಕೊಲೆಸ್ಟಿಯಾಟೋಮಾ ಎನ್ನುತ್ತಾರೆ. ಗೆಡ್ಡೆಯಲ್ಲ, ಕ್ಯಾನ್ಸರಲ್ಲ, ಆದರೂ ಗೆದ್ದಲಿನಂತೆ ಮೂಳೆ ತಿನ್ನುತ್ತದೆ. ದುರ್ವಾಸನೆಯ ಸೋರಿಕೆ ಅದರ ಗುರುತು. ಸಿಟಿಯಲ್ಲಿ ಅದು ತಿಂದುಹಾಕಿದ ಮೂಳೆ ಕಾಣುತ್ತದೆ: ಮುಖದ ನರದ ಕೊಳವೆ ಬಯಲಾಗಿದೆಯೇ, ಮೆದುಳಿನ ಕಡೆಯ ಛಾವಣಿ ಉಳಿದಿದೆಯೇ ಎಂದು. ಆದರೆ ಆ ಉಂಡೆಯೂ ಬರೀ ಊದಿದ ಒಳಪೊರೆಯೂ ಸಿಟಿಯಲ್ಲಿ ಒಂದೇ ಬೂದು. ಅವೆರಡನ್ನು ಬೇರೆ ಮಾಡುವುದು ಎಂಆರ್‌ಐ. ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂದು ಅಳೆಯುವ ಡಿಫ್ಯೂಷನ್ ಎಂಬ ಬಗೆಯಲ್ಲಿ, ಒತ್ತೊತ್ತಾದ ಸಿಪ್ಪೆಯುಂಡೆ ದೀಪದಂತೆ ಬೆಳ್ಳಗೆ ಹೊಳೆಯುತ್ತದೆ. ಊದಿದ ಒಳಪೊರೆ, ಗಾಯದ ಕಲೆ ಸಾಮಾನ್ಯವಾಗಿ ಹಾಗೆ ಹೊಳೆಯುವುದಿಲ್ಲ. ನಾನು ಕಲಿಯುತ್ತಿದ್ದ ಕಾಲಕ್ಕೆ ಉಂಡೆ ಮತ್ತೆ ಬಂದಿದೆಯೇ ಎಂದು ತಿಳಿಯಲು ವರ್ಷದ ಮೇಲೆ ಕಿವಿಯನ್ನು ಎರಡನೇ ಸಲ ಬಿಚ್ಚುತ್ತಿದ್ದರು. ಈಗ ಎಷ್ಟೋ ಜನ ಆ ಎರಡನೇ ಆಪರೇಷನ್ನಿನಿಂದ ತಪ್ಪಿಸಿಕೊಂಡಿದ್ದಾರೆ. ಸ್ಕ್ಯಾನ್ ಒಂದರಿಂದ ನೋವು ಇಷ್ಟು ನೇರವಾಗಿ ಕಡಿಮೆಯಾದ ಬೇರೆ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ತನ್ನ ಕಣ್ಣುಗುಡ್ಡೆ ಹೊರಳುವ ಸದ್ದು ತನಗೇ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬುತ್ತೀರಾ? ಜೋರು ಸದ್ದಾದರೆ ಲೋಕ ತಿರುಗಿದಂತಾಗುತ್ತದೆ, ಮಾತಾಡಿದರೆ ತಲೆಯೊಳಗೆ ಕೊಡದಲ್ಲಿ ಮಾತಾಡಿದ ಹಾಗೆ ಮೊಳಗುತ್ತದೆ ಎಂದರೆ? 1998ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಲಾಯ್ಡ್ ಮೈನರ್ ಮತ್ತು ಸಂಗಡಿಗರು ಇಂಥವರ ಕಣ್ಣಿನ ಚಲನೆಯನ್ನು ಗಮನಿಸಿ, ಒಳಕಿವಿಯ ಮೇಲಿನ ಅರ್ಧಚಂದ್ರ ನಾಳದಲ್ಲಿ ಏನೋ ತೆರೆದುಕೊಂಡಿರಬೇಕೆಂದು ಊಹಿಸಿದರು. ಸಿಟಿಯಲ್ಲಿ ನೋಡಿದರೆ ನಾಳದ ಮೇಲಿನ ಮೂಳೆ ನಿಜಕ್ಕೂ ಇರಲಿಲ್ಲ. ಪ್ರಶ್ನೆ ಮೊದಲು ಹುಟ್ಟಿ ಚಿತ್ರ ಆಮೇಲೆ ಬಂದದ್ದಕ್ಕೆ ಇದನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. ಅಲ್ಲೇ ಇನ್ನೊಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಮೂಳೆ ಬಹಳ ತೆಳ್ಳಗಿದ್ದರೆ ದಪ್ಪ ಹೋಳಿನ ಸಿಟಿಯಲ್ಲಿ ಇಲ್ಲವೆಂದೇ ಕಾಣುತ್ತದೆ. ರೋಗಲಕ್ಷಣವಿಲ್ಲದವರಲ್ಲಿ ಅದನ್ನು ಹಿಡಿದುಕೊಂಡು ತಲೆಬುರುಡೆ ತೆರೆಯಲು ಹೋಗಬಾರದು.

ಹುಟ್ಟು ಕಿವುಡಿನ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುವ ಮುಂಚೆ ಎಂಆರ್‌ಐ ಮಾಡಿಸಿ ಎಂದಾಗ ಎಷ್ಟೋ ತಂದೆತಾಯಿ ಕಂಗಾಲಾಗುತ್ತಾರೆ. ಕೂಸು ಅಲುಗಾಡದೆ ಮಲಗಬೇಕು, ಅದಕ್ಕೆ ಅರಿವಳಿಕೆ ಬೇಕಾಗಬಹುದು, ಖರ್ಚು ಬೇರೆ. ಆದರೂ ಅದು ಬೇಕೇಬೇಕು. ಇಂಪ್ಲಾಂಟ್ ಸದ್ದನ್ನು ವಿದ್ಯುತ್ತಾಗಿ ಮಾಡಿ ಶ್ರವಣ ನರಕ್ಕೆ ಕೊಡುವ ಉಪಕರಣ. ಕೆಲವು ಮಕ್ಕಳಲ್ಲಿ ಆ ನರವೇ ಬೆಳೆದಿರುವುದಿಲ್ಲ. ಸಿಟಿಯಲ್ಲಿ ಕಾಕ್ಲಿಯಾ ಮುದ್ದಾಗಿ ಕಾಣುತ್ತಿದ್ದರೂ ಎಂಆರ್‌ಐಯಲ್ಲಿ ನರದ ಎಳೆ ಇಲ್ಲವೆಂದು ತಿಳಿದರೆ ದಾರಿಯೇ ಬದಲಾಗುತ್ತದೆ. ಮಿದುಳುಪೊರೆಯ ಜ್ವರದಿಂದ ಕಿವುಡಾದ ಮಗುವಾದರೆ ಆತುರ ಇನ್ನೂ ಹೆಚ್ಚು: ಕಾಕ್ಲಿಯಾದ ಒಳಗೆ ಮೂಳೆ ಬೆಳೆದು ತುಂಬಿಕೊಳ್ಳತೊಡಗುತ್ತದೆ, ತಡವಾದರೆ ತಂತಿ ತೂರಿಸಲು ಜಾಗ ಇರುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನಮ್ಮ ಹಳ್ಳಿಗಳಿಂದ ಮಕ್ಕಳನ್ನು ಕಳಿಸುವಾಗ ನಾನು ತಾಯಂದಿರಿಗೆ ಹೇಳುವ ಮಾತು ಒಂದೇ: ಶ್ರವಣ ಪರೀಕ್ಷೆಯ ಕಾಗದದ ಜೊತೆ ಸ್ಕ್ಯಾನಿನ ಸಿಡಿಯನ್ನೂ ಒಯ್ಯಿರಿ, ಬರೀ ರಿಪೋರ್ಟ್ ಸಾಲದು.

ಗಂಟಲಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ದನಿ ಒಡೆದರೆ ಕುತ್ತಿಗೆಯ ಸಿಟಿಗೆ ಓಡಬೇಡಿ. ಮೊದಲು ಧ್ವನಿತಂತುಗಳನ್ನು ಕಣ್ಣಾರೆ ನೋಡಿಸಿಕೊಳ್ಳಿ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಹಾಡಿನ ಮೇಷ್ಟ್ರು ದಂತವೈದ್ಯರ ಸಣ್ಣ ಕನ್ನಡಿಯೊಂದನ್ನು ಗಂಟಲಿಗಿಟ್ಟು, ಬಿಸಿಲು ಹಾಯಿಸಿ, ತನ್ನ ಧ್ವನಿತಂತುಗಳನ್ನು ತಾನೇ ನೋಡಿಕೊಂಡ. ಅದೇ ಕೆಲಸವನ್ನು ಇಂದು ತೆಳು ಸ್ಕೋಪು ಎರಡು ನಿಮಿಷದಲ್ಲಿ ಮಾಡುತ್ತದೆ. ತಂತುವಿನ ಮೇಲಿನ ಸಣ್ಣ ಗಂಟು, ಶುರುವಿನ ಕ್ಯಾನ್ಸರಿನ ಬಿಳಿ ಮಚ್ಚೆ ಸಿಟಿಗೆ ಸಿಕ್ಕದೆ ಹೋಗಬಹುದು. ಬೀಡಿ, ಗುಟ್ಕಾ ಅಭ್ಯಾಸವಿದ್ದವರ ದನಿ ಮೂರು ವಾರವಾದರೂ ಸರಿಹೋಗದಿದ್ದರೆ ಸ್ಕೋಪು ತಡಮಾಡಬಾರದು. ಗೆಡ್ಡೆ ಕಂಡ ಮೇಲೆ ಅದು ಎಷ್ಟು ಆಳ, ಕುತ್ತಿಗೆಯ ಗಂಟುಗಳಿಗೆ ಹರಡಿದೆಯೇ ಎಂದು ಕೇಳಲು ಸಿಟಿ, ಎಂಆರ್‌ಐ ಬರುತ್ತವೆ.

2021ರ ಬೇಸಿಗೆಯನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಕೋವಿಡ್ ಎರಡನೇ ಅಲೆಯ ಹಿಂದೆಯೇ ಕಪ್ಪು ಶಿಲೀಂಧ್ರ ಬಂತು. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಎರಡೂ ಸೇರಿದ ಜನ ಕೆನ್ನೆ ಮರಗಟ್ಟಿ, ಕಣ್ಣು ಊದಿ ಬರುತ್ತಿದ್ದರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ವಾರ್ಡುಗಳು ತುಂಬಿಹೋಗಿದ್ದವು. ಆ ಶಿಲೀಂಧ್ರ ರಕ್ತನಾಳದ ಒಳಗೇ ಬೆಳೆದು ಅದನ್ನು ಮುಚ್ಚುತ್ತದೆ, ಮೂಳೆಯನ್ನು ಒಡೆಯದೆಯೇ ಆಚೆ ದಾಟಬಲ್ಲದು. ಹೀಗಾಗಿ ಸಿಟಿಯಲ್ಲಿ ಮೂಳೆ ಗಟ್ಟಿಯಾಗಿದೆ ಎಂದುಕೊಂಡು ಸುಮ್ಮನಿರುವಂತಿರಲಿಲ್ಲ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧಿ ಚುಚ್ಚಿ ಎಂಆರ್‌ಐ ತೆಗೆದಾಗ, ರಕ್ತ ಹರಿಯುವ ಭಾಗವೆಲ್ಲ ಬೆಳಗುತ್ತದೆ. ಸತ್ತ ಭಾಗಕ್ಕೆ ರಕ್ತವಿಲ್ಲ, ಔಷಧಿ ತಲುಪುವುದಿಲ್ಲ. ಮೂಗಿನೊಳಗಿನ ಮಡಿಕೆ ಕರಿ ಇದ್ದಿಲಿನಂತೆ ಕಾಣುತ್ತದೆ. ಎಲ್ಲಿಯವರೆಗೆ ಕರಿ, ಅಲ್ಲಿಯವರೆಗೆ ಕತ್ತರಿಸಬೇಕು. ಕಣ್ಣು ಉಳಿಸಬಹುದೇ, ತೆಗೆಯಬೇಕೇ ಎಂಬ ತೀರ್ಮಾನವನ್ನು ಎಷ್ಟೋ ರಾತ್ರಿ ಆ ಕರಿ-ಬಿಳಿ ಗಡಿಯನ್ನು ನೋಡುತ್ತ ತೆಗೆದುಕೊಳ್ಳಬೇಕಾಗಿತ್ತು.

ಇನ್ನು ತಲೆಸುತ್ತಿನ ಮಾತು. ಹಾಸಿಗೆಯಲ್ಲಿ ಮಗ್ಗುಲಾದಾಗ ಅರ್ಧ ನಿಮಿಷ ಕೋಣೆ ಗಿರ್ರನೆ ತಿರುಗಿ ನಿಲ್ಲುವುದಾದರೆ, ಅದು ಹೆಚ್ಚಾಗಿ ಒಳಕಿವಿಯ ಹರಳು ಜಾರಿದ್ದು. ಮಂಚದ ಮೇಲೆ ತಲೆ ತಿರುಗಿಸಿ ಮಲಗಿಸಿ ಕಣ್ಣು ನೋಡಿದರೆ ರೋಗ ಗೊತ್ತಾಗುತ್ತದೆ, ಇನ್ನೂ ನಾಲ್ಕು ಭಂಗಿ ಬದಲಾಯಿಸಿದರೆ ಬಹಳ ಸಲ ಅಲ್ಲೇ ವಾಸಿಯಾಗುತ್ತದೆ. ಆ ಹರಳು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಅದೇ ಬಿಡದೆ ಸುತ್ತು, ಮಾತು ತೊದಲು, ನಡೆಯಲಾಗದಷ್ಟು ತೂರಾಟ, ಎರಡೆರಡಾಗಿ ಕಾಣುವುದು ಇದ್ದರೆ ಮಾತ್ರ ತಕ್ಷಣ ಆಸ್ಪತ್ರೆ. ಅಲ್ಲಿಯೂ ತಲೆಯ ಹಿಂಭಾಗದ ಸಣ್ಣ ಪಾರ್ಶ್ವವಾಯುವನ್ನು ಸಿಟಿ ತಪ್ಪಿಸಿಬಿಡಬಹುದು, ಎಂಆರ್‌ಐ ಬೇಕು. ಒಂದೇ ಕಿವಿಯಲ್ಲಿ ಮೆಲ್ಲಗೆ ಮಂದವಾಗುತ್ತ ಗುಂಯ್‌ಗುಡುವವರಿಗೂ ಎಂಆರ್‌ಐಯೇ ಸರಿ, ಶ್ರವಣ ನರದ ಪಕ್ಕದ ಗೆಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು.

ಕಾಣಬೇಕಾದದ್ದಕ್ಕಿಂತ ಹೆಚ್ಚು ಕಂಡರೂ ತೊಂದರೆಯೇ. ದಕ್ಷಿಣ ಕೊರಿಯಾದಲ್ಲಿ 1999ರಿಂದ ಕ್ಯಾನ್ಸರ್ ತಪಾಸಣೆಯ ಜೊತೆಗೆ ಥೈರಾಯ್ಡ್ ಅಲ್ಟ್ರಾಸೌಂಡ್ ಕೂಡ ಅಗ್ಗವಾಗಿ ಸಿಗತೊಡಗಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ಕ್ಕಿಂತ 15 ಪಟ್ಟಾಗಿತ್ತು. ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಏನೂ ಮಾಡದೆ ಬಿಟ್ಟಿದ್ದರೂ ನಡೆಯುತ್ತಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಬಾಳಿಡೀ ಮಾತ್ರೆ ನುಂಗುವಂತಾಯಿತು. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿದ್ದರೆ ಅಲ್ಟ್ರಾಸೌಂಡಿನಂಥ ಒಳ್ಳೆಯ ಪರೀಕ್ಷೆ ಇಲ್ಲ. 'ಫುಲ್ ಬಾಡಿ ಚೆಕಪ್' ಪಟ್ಟಿಯಲ್ಲಿ ಇದೆಯೆಂದು ಮಾಡಿಸುವುದು ಬೇರೆ.

ಕಿರಣದ ಭಯ ಎಷ್ಟಿರಬೇಕು? ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ. ತಲೆಯ ಒಂದು ಸಿಟಿಯಲ್ಲಿ ಸುಮಾರು 2. ದೊಡ್ಡವರಿಗೆ, ಕಾರಣವಿದ್ದಾಗ, ಇದಕ್ಕೆ ಹೆದರಿ ಸ್ಕ್ಯಾನ್ ಬಿಡಬೇಕಿಲ್ಲ. ಮಕ್ಕಳ ವಿಷಯದಲ್ಲಿ ನಾನು ಕೈ ಬಿಗಿಹಿಡಿಯುತ್ತೇನೆ: ಅವರ ಬೆಳೆಯುವ ಜೀವಕೋಶಗಳಿಗೆ ಕಿರಣದ ಏಟು ಹೆಚ್ಚು, ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. ಎಂಆರ್‌ಐ, ಅಲ್ಟ್ರಾಸೌಂಡ್‌ಗಳಲ್ಲಿ ಈ ಕಿರಣ ಇಲ್ಲವೇ ಇಲ್ಲ. ಎಂಆರ್‌ಐಯ ಅಪಾಯ ಅದರ ಅಯಸ್ಕಾಂತದ್ದು. ಪೇಸ್‌ಮೇಕರ್, ದೇಹದೊಳಗೆ ಹಾಕಿದ ಹಳೆಯ ಕ್ಲಿಪ್ಪು, ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಬಾಗಿಲ ಬಳಿಯಲ್ಲ, ಚೀಟಿ ಬರೆಸುವಾಗಲೇ ಹೇಳಿ. ಕಾಂಟ್ರಾಸ್ಟ್ ಚುಚ್ಚುವುದಿದ್ದರೆ ಮೂತ್ರಪಿಂಡದ ತೊಂದರೆ, ಅಲರ್ಜಿಯನ್ನೂ ತಿಳಿಸಿ.

ಆ ಚೀಟಿಯ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಎಷ್ಟೋ ಸಲ ಬೇರೆ ಊರಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ. ನಿಮ್ಮನ್ನು ನೋಡಿರುವುದಿಲ್ಲ. ಅವರ ಮುಂದಿರುವುದು ಮುನ್ನೂರು ನಾನೂರು ಚಿತ್ರಗಳು, ಜೊತೆಗೆ ಒಂದು ಸಾಲು. ಆ ಸಾಲಿನಲ್ಲಿ 'ಸಿಟಿ ಟೆಂಪೊರಲ್ ಬೋನ್' ಎಂದಷ್ಟೇ ಇದ್ದರೆ ಅವರು ಏನನ್ನು ಹುಡುಕಬೇಕು? ನಾವು ವೈದ್ಯರು ಹೊರಗೆ ನಲವತ್ತು ಜನ ಕಾಯುತ್ತಿದ್ದಾರೆಂದು ಆ ಸಾಲನ್ನು ಗೀಚಿ ಕಳಿಸುತ್ತೇವೆ, ನಾನೂ ಕಳಿಸಿದ್ದೇನೆ. ಈಗ ಸಾಧ್ಯವಾದಷ್ಟು ಮಟ್ಟಿಗೆ ಹೀಗೆ ಬರೆಯುತ್ತೇನೆ: 'ವಯಸ್ಸು 34. ಎಡಗಿವಿ ಹತ್ತು ವರ್ಷದಿಂದ ಸೋರಿಕೆ, ದುರ್ವಾಸನೆ. ಒಂದು ವಾರದಿಂದ ತಲೆಸುತ್ತು. ಕಿವಿ ಒತ್ತಿದರೆ ಹೆಚ್ಚು. ಒಳಕಿವಿಯ ನಾಳಕ್ಕೆ ತೂತು ಬಿದ್ದಿದೆಯೇ?' ನಿಮ್ಮ ಕೈಗೆ ಚೀಟಿ ಬಂದಾಗ ತಿರುಗಿಸಿ ಓದಿ. ಅರ್ಥವಾಗದಿದ್ದರೆ, 'ಡಾಕ್ಟ್ರೇ, ಇದರಲ್ಲಿ ಏನನ್ನು ಹುಡುಕ್ತಾ ಇದ್ದೀರಿ?' ಎಂದು ಅಲ್ಲೇ ಕೇಳಿ. ಹಳೆಯ ಫಿಲಂ, ಸಿಡಿ ಇದ್ದರೆ ಅಕ್ಕಿಡಬ್ಬದ ಹಿಂದಿನಿಂದ ತೆಗೆದು ಜೊತೆಗೆ ಒಯ್ಯಿರಿ. ಹೋದ ವರ್ಷವೂ ಅಷ್ಟೇ ಇದ್ದ ನೆರಳಿಗೂ ಈ ವರ್ಷ ಹೊಸದಾಗಿ ಬಂದ ನೆರಳಿಗೂ ಬಹಳ ಅಂತರವಿದೆ. ಮಗುವನ್ನು ಕರೆದೊಯ್ಯುವಾಗ, ಕೆಮ್ಮು ಶುರುವಾದ ಹೊತ್ತಿನಲ್ಲಿ ಅದರ ಹತ್ತಿರ ಯಾರಿದ್ದರೋ ಅವರನ್ನೂ ಕರೆದುಕೊಂಡು ಹೋಗಿ.